ಬೀರುವಿನಲ್ಲಿ ಮಲಗಿದ್ದ ಟ್ಯಾಬ್

ಜೂನ್ ಬಂತೆಂದರೆ ಮನೆಮನೆಯ ಬೀರುಗಳಿಂದ ಟ್ಯಾಬ್‌ಗಳು ಹೊರಬರುತ್ತವೆ. ಶಾಲೆ ಶುರುವಾಗಿದೆ, ಮಗಳಿಗೆ ಪಾಠದ ವಿಡಿಯೊ ಬೇಕು. ಇಲ್ಲವೇ ಊರಿಂದ ಬಂದ ಅಜ್ಜನಿಗೆ ದೊಡ್ಡ ಪರದೆಯಲ್ಲಿ ಯಕ್ಷಗಾನ ನೋಡುವ ಆಸೆ. ಕೋವಿಡ್ ಕಾಲದಲ್ಲಿ ಆನ್‌ಲೈನ್ ಕ್ಲಾಸಿಗೆಂದು ಕೊಂಡಿದ್ದು, ಆಮೇಲೆ ರೇಷ್ಮೆ ಸೀರೆಗಳ ಕೆಳಗೆ ಸೇರಿಕೊಂಡಿದ್ದು. ತೆಗೆದು ಪವರ್ ಬಟನ್ ಒತ್ತಿದರೆ ಕಪ್ಪು ಗಾಜು. ಚಾರ್ಜಿಗೆ ಹಾಕಿ ಐದು ನಿಮಿಷ ಕಾದರೂ ಅದೇ ಕಪ್ಪು ಗಾಜು. 'ಹೋಯ್ತು ಬಿಡು ಇದು' ಎಂಬ ತೀರ್ಪು ಅಷ್ಟರಲ್ಲೇ ಬಿದ್ದಿರುತ್ತದೆ.

ಐದು ನಿಮಿಷಕ್ಕೆ ಬಿದ್ದ ಈ ತೀರ್ಪು ಬಹಳ ಸಲ ಅವಸರದ್ದು.

ಫೋನು ಹಾಳಾಗುವುದು ಬಳಸಿ ಬಳಸಿ. ಟ್ಯಾಬ್ ಹಾಳಾಗುವುದು ಬಳಸದೆ. ಫೋನು ಹಗಲಿಡೀ ಕೈಯಲ್ಲಿರುತ್ತದೆ, ರಾತ್ರಿ ತಪ್ಪದೆ ಚಾರ್ಜಿಗೆ ಬೀಳುತ್ತದೆ. ಟ್ಯಾಬ್‌ಗೆ ಆ ಭಾಗ್ಯವಿಲ್ಲ. 2021ರಲ್ಲಿ ಕರ್ನಾಟಕ ಸರ್ಕಾರ ತನ್ನ ಪದವಿ, ಪಾಲಿಟೆಕ್ನಿಕ್ ಮತ್ತು ಎಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳಿಗೆ ಒಂದೂವರೆ ಲಕ್ಷಕ್ಕೂ ಹೆಚ್ಚು ಟ್ಯಾಬ್ ಹಂಚಿತ್ತು. ಅದೇ ಹೊತ್ತಿನಲ್ಲಿ ಅಪ್ಪ ಅಮ್ಮಂದಿರು ಸ್ವಂತ ದುಡ್ಡಿನಲ್ಲಿ ಕೊಂಡವು ಇನ್ನೆಷ್ಟೋ. ತರಗತಿಗಳು ಮತ್ತೆ ಕೋಣೆಯೊಳಗೆ ನಡೆಯತೊಡಗಿದಾಗ ಇವುಗಳಿಗೆ ಕೆಲಸ ಕಡಿಮೆಯಾಯಿತು. ಸ್ವಿಚ್ ಆಫ್ ಮಾಡಿ ಎತ್ತಿಟ್ಟರೆ ಹಾಗೇ ಇರುತ್ತದೆ ಎಂಬ ನಂಬಿಕೆಯಲ್ಲೇ ಮೊದಲ ಎಡವಟ್ಟು ಇದೆ.

'ಆನ್ ಆಗ್ತಿಲ್ಲ' ಎಂದು ಜನ ಹೇಳುವಾಗ ಹಲವು ಬೇರೆ ಬೇರೆ ಕಾಯಿಲೆಗಳನ್ನು ಒಂದೇ ಹೆಸರಿನಲ್ಲಿ ಕರೆಯುತ್ತಿರುತ್ತಾರೆ. ಬ್ಯಾಟರಿಯಲ್ಲಿ ಜೀವವೇ ಇಲ್ಲದಿರಬಹುದು. ಜೀವವಿದ್ದೂ ತಂತ್ರಾಂಶ ಎಲ್ಲೋ ಸಿಕ್ಕಿಹಾಕಿಕೊಂಡು ನಿಂತಿರಬಹುದು. ಟ್ಯಾಬ್ ಆನ್ ಆಗಿಯೇ ಇದ್ದು ಪರದೆ ಮಾತ್ರ ಬೆಳಗದಿರಬಹುದು. ಕೊನೆಗೆ, ಒಳಗಿನ ಬೋರ್ಡೇ ನಿಜವಾಗಿ ಸುಟ್ಟಿರಬಹುದು. ಈ ಕೊನೆಯದನ್ನು ಮೊದಲೇ ನಂಬಿಬಿಡುವುದರಿಂದ ಅಂಗಡಿಯವನಿಗೆ ಲಾಭ, ಮನೆಯವರಿಗೆ ನಷ್ಟ. ಪರೀಕ್ಷೆಯ ಕ್ರಮ ಇದಕ್ಕೆ ತಿರುಗಾಮುರುಗಾ ಆಗಬೇಕು: ಖರ್ಚಿಲ್ಲದ್ದು ಮತ್ತು ಒಳಗಿನ ಫೋಟೊಗಳಿಗೆ ಧಕ್ಕೆ ತರದ್ದು ಮೊದಲು, ದುಬಾರಿಯದು ಕಟ್ಟಕಡೆಗೆ.

ಬ್ಯಾಟರಿಯಿಂದಲೇ ಶುರು ಮಾಡಬೇಕು, ಯಾಕೆಂದರೆ ಎತ್ತಿಟ್ಟ ಟ್ಯಾಬ್‌ನ ಕಥೆ ಹೆಚ್ಚಾಗಿ ಅಲ್ಲಿಯೇ ಇರುತ್ತದೆ. ಇವತ್ತಿನ ಟ್ಯಾಬ್‌ಗಳಲ್ಲಿರುವುದು ಲಿಥಿಯಂ ಅಯಾನ್ ಬ್ಯಾಟರಿ. ಸೋನಿ ಕಂಪನಿ 1991ರಲ್ಲಿ ಮಾರುಕಟ್ಟೆಗೆ ತಂದ ತಂತ್ರಜ್ಞಾನ ಅದು. ಅದನ್ನು ರೂಪಿಸಿದ ಜಾನ್ ಗುಡ್‌ಇನಫ್, ಸ್ಟ್ಯಾನ್ಲಿ ವಿಟಿಂಗ್‌ಹ್ಯಾಮ್ ಮತ್ತು ಅಕಿರಾ ಯೋಶಿನೊ ಅವರಿಗೆ 2019ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು. ಸಾಮಾನ್ಯವಾಗಿ ಇದರ ಒಂದು ಕೋಶ ತುಂಬಿದಾಗ 4.2 ವೋಲ್ಟ್ ಆಸುಪಾಸಿನಲ್ಲಿರುತ್ತದೆ, ಬರಿದಾದಾಗ 3 ವೋಲ್ಟ್‌ಗೆ ಇಳಿಯುತ್ತದೆ. ಪರದೆಯ ಮೇಲೆ ಸೊನ್ನೆ ಶೇಕಡಾ ಎಂದು ತೋರಿಸಿ ಟ್ಯಾಬ್ ತಾನಾಗಿ ಆಫ್ ಆದಾಗಲೂ ಒಳಗೆ ಒಂದಿಷ್ಟು ಉಳಿಸಿಕೊಂಡೇ ಆಗಿರುತ್ತದೆ. ಆ ಉಳಿಕೆಯನ್ನು ಮುಂದಿನ ತಿಂಗಳುಗಳು ಮೆಲ್ಲಗೆ ತಿನ್ನುತ್ತವೆ. ಬ್ಯಾಟರಿಗೆ ತನ್ನಷ್ಟಕ್ಕೆ ಸೋರಿಕೊಳ್ಳುವ ಗುಣವಿದೆ. ಆಫ್ ಆಗಿರುವ ಟ್ಯಾಬ್‌ನಲ್ಲಿಯೂ ಗಡಿಯಾರ ಓಡುತ್ತಿರುತ್ತದೆ, ಪವರ್ ಬಟನ್ ಒತ್ತಿದ್ದನ್ನು ಗಮನಿಸುವ ಸರ್ಕೀಟು ಎಚ್ಚರವಾಗಿರುತ್ತದೆ. ಒಂದು ಮಟ್ಟಕ್ಕಿಂತ ಕೆಳಗಿಳಿದರೆ ಬ್ಯಾಟರಿಯ ತಲೆಯಲ್ಲೇ ಕೂತಿರುವ ಸಣ್ಣ ರಕ್ಷಣಾ ಸರ್ಕೀಟು ಸಂಪರ್ಕವನ್ನೇ ಕಡಿದುಹಾಕುತ್ತದೆ. ಹೊರಗಿನಿಂದ ನೋಡುವವರಿಗೆ ಇದು ಸತ್ತ ಬ್ಯಾಟರಿ.

ಈ ಸ್ಥಿತಿಯ ಟ್ಯಾಬ್‌ಗೆ ಚಾರ್ಜರ್ ಚುಚ್ಚಿದ ಕೂಡಲೇ ಕರೆಂಟು ಧುಮ್ಮಿಕ್ಕುವುದಿಲ್ಲ. ಹಲವು ದಿನ ಉಪವಾಸವಿದ್ದವರ ಎಲೆಗೆ ಯಾರೂ ಹೋಳಿಗೆ ಬಡಿಸುವುದಿಲ್ಲ, ಮೊದಲು ಗಂಜಿ ಕೊಡುತ್ತಾರೆ; ಚಾರ್ಜ್ ನಿಯಂತ್ರಿಸುವ ಚಿಪ್, ಅಂದರೆ ಚಾರ್ಜಿಂಗ್ ಐಸಿ, ಮಾಡುವುದೂ ಅದನ್ನೇ. ಬ್ಯಾಟರಿ 3 ವೋಲ್ಟ್ ಆಸುಪಾಸಿಗೆ ಏರುವವರೆಗೆ ಮಾಮೂಲಿಯ ಹತ್ತನೇ ಒಂದರಷ್ಟು ಕರೆಂಟನ್ನು ಮಾತ್ರ ಒಳಗೆ ಬಿಡುತ್ತದೆ. ಈ ಹೊತ್ತಿನಲ್ಲಿ ಪರದೆಯ ಮೇಲೆ ಬ್ಯಾಟರಿಯ ಚಿತ್ರ ಮೂಡಿಸುವಷ್ಟು ಶಕ್ತಿಯೂ ಇರುವುದಿಲ್ಲ. ಆಮೇಲೆ ಮಾಮೂಲಿ ಚಾರ್ಜ್ ಶುರುವಾದರೂ ಟ್ಯಾಬ್ ತಕ್ಷಣ ಏಳುವುದಿಲ್ಲ. ಆನ್ ಆಗುವ ಕ್ಷಣದಲ್ಲಿ ಪ್ರೊಸೆಸರ್ ಮತ್ತು ಪರದೆ ಒಟ್ಟಿಗೆ ಕರೆಂಟು ಎಳೆಯುತ್ತವೆ, ದುರ್ಬಲ ಬ್ಯಾಟರಿಯ ವೋಲ್ಟೇಜ್ ಕುಸಿಯುತ್ತದೆ, ಟ್ಯಾಬ್ ಮತ್ತೆ ಆಫ್ ಆಗುತ್ತದೆ. ಲೋಗೊ ಒಮ್ಮೆ ಮಿಂಚಿ ಮಾಯವಾಗುವ ಆಟಕ್ಕೆ ಅನೇಕ ಸಲ ಇದೇ ಕಾರಣ. ಐಪ್ಯಾಡ್ ಆನ್ ಆಗದಿದ್ದರೆ ಒಂದು ಗಂಟೆಯವರೆಗೆ ಚಾರ್ಜಿಗೆ ಬಿಡಿ ಎಂದು ಆಪಲ್ ಹೇಳುವುದು ಸುಮ್ಮನೆ ಅಲ್ಲ. ವರ್ಷಗಟ್ಟಲೆ ಮಲಗಿದ್ದ ಟ್ಯಾಬ್ ಆದರೆ ಇನ್ನೂ ಕೆಲವು ಗಂಟೆ ಕೊಟ್ಟು ನೋಡುವುದರಲ್ಲಿ ತಪ್ಪಿಲ್ಲ. ಒಂದೇ ಷರತ್ತು: ಅದು ಕಣ್ಣೆದುರಿಗೇ ಇರಬೇಕು, ಹಾಸಿಗೆಯ ಮೇಲಲ್ಲ, ಕೈಗೆ ಬಿಸಿ ತಟ್ಟಿದರೆ ವೈರು ಕೀಳಬೇಕು.

ಗಂಜಿಗೂ ಒಂದು ಮಿತಿಯಿದೆ. ಕೋಶ ತೀರಾ ಬರಿದಾಗಿ ಬಹುಕಾಲ ಹಾಗೇ ಉಳಿದರೆ ಒಳಗಿನ ತಾಮ್ರದ ಹಾಳೆ ಕರಗತೊಡಗುತ್ತದೆ. ಮತ್ತೆ ಚಾರ್ಜ್ ಮಾಡುವಾಗ ಆ ತಾಮ್ರ ಬೇರೆಲ್ಲೋ ಕೂತು ಒಳಗೊಳಗೇ ಶಾರ್ಟ್ ಆಗಬಹುದು. ಆದ್ದರಿಂದಲೇ ಎಷ್ಟೋ ಚಾರ್ಜಿಂಗ್ ಐಸಿಗಳು ಒಂದು ಕಾಲಮಿತಿ ಇಟ್ಟುಕೊಂಡಿರುತ್ತವೆ. ಅಷ್ಟರೊಳಗೆ ವೋಲ್ಟೇಜ್ ಏರದಿದ್ದರೆ ಕೈಚೆಲ್ಲುತ್ತವೆ. ಆಗ ಬ್ಯಾಟರಿ ಬದಲಿಸುವುದೇ ದಾರಿ. ಬ್ಯಾಟರಿಯನ್ನು ಹೊರತೆಗೆದು ನೇರವಾಗಿ ಕರೆಂಟು ಕೊಟ್ಟು 'ಬೂಸ್ಟ್' ಮಾಡಿಕೊಡುವ ಅಂಗಡಿಗಳಿವೆ. ಎಂಟು ಹತ್ತು ದಿನ ಬರಿದಾಗಿದ್ದ ಬ್ಯಾಟರಿಗೆ ಅದು ನಡೆದೀತು. ಎರಡು ವರ್ಷ ಬೀರುವಿನಲ್ಲಿದ್ದದ್ದಕ್ಕೆ ಆ ಉಪಚಾರ ಮಾಡಿಸಿ ಮಗುವಿನ ಕೈಗೆ ಕೊಡುವುದು ಜಾಣತನವಲ್ಲ.

ಇನ್ನು ಚಾರ್ಜರ್. ಮನೆಯಲ್ಲಿ ಬಿದ್ದಿರುವ ಯಾವುದೋ ಹಳೆಯ ಫೋನಿನ ಚಾರ್ಜರ್ ಹಾಕಿ 'ಚಾರ್ಜ್ ಆಗ್ತಿಲ್ಲ' ಎನ್ನುವವರೇ ಹೆಚ್ಚು. 2010ರಲ್ಲಿ ಬಂದ ಮೊಟ್ಟಮೊದಲ ಐಪ್ಯಾಡ್‌ನಿಂದಲೇ ಈ ಗೊಂದಲ ಶುರು. ಅದರ ಬ್ಯಾಟರಿ 25 ವ್ಯಾಟ್-ಅವರ್, ಜೊತೆಗೆ ಕೊಟ್ಟ ಚಾರ್ಜರ್ 10 ವ್ಯಾಟ್. ಆದರೆ ಆ ಕಾಲದ ಕಂಪ್ಯೂಟರಿನ ಮಾಮೂಲಿ ಯುಎಸ್‌ಬಿ ಕಿಂಡಿ ಕೊಡುತ್ತಿದ್ದದ್ದು 5 ವೋಲ್ಟ್‌ನಲ್ಲಿ ಅರ್ಧ ಆಂಪಿಯರ್, ಅಂದರೆ ಎರಡೂವರೆ ವ್ಯಾಟ್. ಕಂಪ್ಯೂಟರಿಗೆ ಸಿಕ್ಕಿಸಿದರೆ ಐಪ್ಯಾಡ್ ತನ್ನ ನೆತ್ತಿಯ ಮೇಲೆ 'ನಾಟ್ ಚಾರ್ಜಿಂಗ್' ಎಂದು ಬರೆದುಕೊಂಡು ಕೂರುತ್ತಿತ್ತು. ಲೆಕ್ಕ ಹಾಕಿದರೆ ಆ ಕಿಂಡಿಯಿಂದ ಬ್ಯಾಟರಿ ತುಂಬಲು ಕಡಿಮೆಯೆಂದರೂ ಹತ್ತು ಗಂಟೆ ಬೇಕು. ಎರಡು ವರ್ಷದ ನಂತರ ಬಂದ ಮೂರನೇ ಐಪ್ಯಾಡ್‌ನ ಬ್ಯಾಟರಿ 42.5 ವ್ಯಾಟ್-ಅವರ್, ಅದಕ್ಕೆ ಹದಿನೇಳು ಗಂಟೆ. ಟಿವಿಯ ಹಿಂಭಾಗದ ಯುಎಸ್‌ಬಿ ಕಿಂಡಿಗೋ ಹಳೆಯ ಕಾರಿನ ಕಿಂಡಿಗೋ ಸಿಕ್ಕಿಸಿ ಐದು ನಿಮಿಷಕ್ಕೆ ತೀರ್ಪು ಕೊಡುವವರು ಈ ಗುಣಾಕಾರವನ್ನು ಒಮ್ಮೆ ಮಾಡಬೇಕು.

ಕೇಬಲ್ ಇನ್ನೂ ದೊಡ್ಡ ಕಳ್ಳ. ಬಸ್ ಸ್ಟ್ಯಾಂಡಿನಲ್ಲಿ ಐವತ್ತು ರೂಪಾಯಿಗೆ ಸಿಗುವ ಕೇಬಲ್ ಒಳಗಿನ ತಾಮ್ರದ ಎಳೆಗಳು ಕೂದಲಿನಷ್ಟು ತೆಳು. ಹೋಗಿ ಬರುವ ಎರಡೂ ತಂತಿಗಳ ರೋಧ ಸೇರಿ ಬರೀ ಅರ್ಧ ಓಮ್ ಆದರೂ, ಎರಡು ಆಂಪಿಯರ್ ಹರಿಯುವಾಗ ಒಂದು ವೋಲ್ಟ್ ದಾರಿಯಲ್ಲೇ ಖಾಲಿ. 5 ವೋಲ್ಟ್ ಹೊರಟದ್ದು ಟ್ಯಾಬ್ ಮುಟ್ಟುವಾಗ 4 ಆಗಿರುತ್ತದೆ. ಬ್ಯಾಟರಿ ತುಂಬಲು ಬೇಕಾದದ್ದೇ 4.2. ಅದೇ ಕೇಬಲ್‌ನಲ್ಲಿ ಸಣ್ಣ ಫೋನು ಹೇಗೋ ಚಾರ್ಜ್ ಆಗುತ್ತಿರುತ್ತದೆ, ಏಕೆಂದರೆ ಅದು ಕೇಳುವ ಕರೆಂಟು ಕಡಿಮೆ. 'ಕೇಬಲ್ ಸರಿ ಇದೆ, ಫೋನಿಗೆ ಆಗ್ತಾ ಇದೆಯಲ್ಲ' ಎಂಬ ವಾದ ಇಲ್ಲಿ ಬಿದ್ದುಹೋಗುತ್ತದೆ. ಹೆಬ್ಬೆರಳು ಗಾತ್ರದ ಯುಎಸ್‌ಬಿ ಮೀಟರ್ ಒಂದು ಸಿಗುತ್ತದೆ, ಚಾರ್ಜರ್ ಮತ್ತು ಕೇಬಲ್ ನಡುವೆ ಸಿಕ್ಕಿಸಿದರೆ ವೋಲ್ಟು ಆಂಪು ಎರಡನ್ನೂ ತೋರಿಸುತ್ತದೆ. ಆಂಪಿಯರ್ ಸೊನ್ನೆಯಲ್ಲೇ ನಿಂತಿದ್ದರೆ ಟ್ಯಾಬ್‌ಗೆ ಏನೂ ಹೋಗುತ್ತಿಲ್ಲ. 0.1ರ ಹತ್ತಿರ ತೆವಳುತ್ತಿದ್ದರೆ ಗಂಜಿ ಇಳಿಯುತ್ತಿದೆ, ಕಾಯಬೇಕು. ಒಂದು ದಾಟಿದ್ದರೆ ಬ್ಯಾಟರಿಯ ಚಿಂತೆ ಬಿಟ್ಟು ಬೇರೆ ಕಡೆ ನೋಡಬಹುದು. ಮೂರು ನಾಲ್ಕು ಉಪಕರಣಗಳಿರುವ ಮನೆಯಲ್ಲಿ ಇಷ್ಟು ಉಪಯೋಗಕ್ಕೆ ಬರುವ ವಸ್ತು ಇನ್ನೊಂದಿಲ್ಲ.

ಟೈಪ್-ಸಿ ಬಂದ ಮೇಲೆ ಎಲ್ಲ ಸರಳವಾಯಿತು ಎಂದುಕೊಂಡವರಿಗೆ ಹೊಸದೊಂದು ತಲೆನೋವು ಕಾದಿದೆ. ಎರಡೂ ತುದಿಯಲ್ಲಿ ಸಿ ಇರುವ ಕೇಬಲ್‌ನಲ್ಲಿ ಚಾರ್ಜರ್ ಸುಮ್ಮನೆ ಕರೆಂಟು ಬಿಡುವುದಿಲ್ಲ. ಆ ಕಡೆ ನಿಜವಾಗಿ ಒಂದು ಉಪಕರಣವಿದೆಯೇ ಎಂದು ಮೊದಲು ನೋಡುತ್ತದೆ. ಇದ್ದೇನೆ ಎಂದು ಹೇಳಲು ಟ್ಯಾಬ್‌ನ ಕಿಂಡಿಯಲ್ಲಿ 5.1 ಕಿಲೊ ಓಮ್‌ನ ಎರಡು ಪುಟ್ಟ ರೆಸಿಸ್ಟರ್‌ಗಳಿರಬೇಕು. ಕೆಲವು ಅಗ್ಗದ ಟ್ಯಾಬ್‌ಗಳಲ್ಲಿ ಆ ಪುಡಿಕಾಸಿನ ಭಾಗವನ್ನೂ ಉಳಿಸಿರುತ್ತಾರೆ. ಅಂಥ ಟ್ಯಾಬ್ ಹಳೆಯ ಚೌಕ ತುದಿಯ ಚಾರ್ಜರಿನಲ್ಲಿ ಸಲೀಸಾಗಿ ಚಾರ್ಜ್ ಆಗುತ್ತದೆ. ಹೊಸ, ದುಬಾರಿ ಸಿ ಚಾರ್ಜರಿನಲ್ಲಿ ಕಣ್ಣೇ ಬಿಡುವುದಿಲ್ಲ. ಅಗ್ಗದವರನ್ನಷ್ಟೇ ಬೈಯುವಂತಿಲ್ಲ. 2019ರಲ್ಲಿ ಬಂದ ರಾಸ್ಪ್‌ಬೆರಿ ಪೈ 4 ಕಂಪ್ಯೂಟರ್ ಬೋರ್ಡಿನಲ್ಲೂ ಇದೇ ಜಾಗದಲ್ಲಿ ಎಡವಿದ್ದರು: ಎರಡರ ಬದಲು ಒಂದೇ ರೆಸಿಸ್ಟರ್ ಇಟ್ಟಿದ್ದರಿಂದ ಕೆಲವು ಒಳ್ಳೆಯ ಕೇಬಲ್‌ಗಳಲ್ಲೇ ಅದು ಆನ್ ಆಗುತ್ತಿರಲಿಲ್ಲ. ತಯಾರಕರು ಒಪ್ಪಿಕೊಂಡು ಮುಂದಿನ ಬೋರ್ಡುಗಳಲ್ಲಿ ಸರಿಪಡಿಸಿದರು. ಹತ್ತು ಹನ್ನೆರಡು ವರ್ಷ ಹಿಂದಿನ ಚೀನಾ ಟ್ಯಾಬ್‌ಗಳಲ್ಲಿ ಇನ್ನೊಂದು ವರಸೆ ಇತ್ತು. ಯುಎಸ್‌ಬಿ ಕಿಂಡಿ ಹಾಡು ತುಂಬಿಸಲಿಕ್ಕೆ ಮಾತ್ರ, ಚಾರ್ಜಿಗೆ ಪಕ್ಕದಲ್ಲಿ ಸಣ್ಣ ದುಂಡು ಪಿನ್ನಿನ ತೂತು. ಆ ದುಂಡು ಪಿನ್ನಿನ ಚಾರ್ಜರ್ ಕಳೆದುಹೋದ ಮೇಲೆ ಯುಎಸ್‌ಬಿಯಲ್ಲಿ ದಿನವಿಡೀ ಇಟ್ಟರೂ ಪ್ರಯೋಜನವಿಲ್ಲ.

ಚಾರ್ಜಿಂಗ್ ಕಿಂಡಿಯೊಳಗೆ ಟಾರ್ಚ್ ಬಿಟ್ಟು ನೋಡುವುದು ಅರ್ಧ ನಿಮಿಷದ ಕೆಲಸ. ಬ್ಯಾಗಿನ ತಳದ ನೂಲು, ಧೂಳು, ಬಿಸ್ಕತ್ತಿನ ಪುಡಿ ಎಲ್ಲ ಪ್ಲಗ್ಗಿನ ಒತ್ತಡಕ್ಕೆ ಸಿಕ್ಕಿ ತಳದಲ್ಲಿ ಗಟ್ಟಿಯಾಗಿ ಕೂತಿರುತ್ತವೆ. ಪ್ಲಗ್ ಪೂರ್ತಿ ಒಳಹೋಗದೆ ತುಸು ಹೊರಗೇ ನಿಂತಿದ್ದರೆ ಇದೇ ಸಂಶಯ. ಮರದ ಹಲ್ಲುಕಡ್ಡಿಯಿಂದ ಮೆಲ್ಲಗೆ ಎಬ್ಬಿಸಬೇಕು. ಸೂಜಿ, ಪಿನ್ನು ಬೇಡ. ಟೈಪ್-ಸಿ ಕಿಂಡಿಯ ನಡುವಿನ ತೆಳು ನಾಲಗೆ ಮುರಿದರೆ ಉಚಿತವಾಗಿ ಮುಗಿಯಬೇಕಿದ್ದ ರಿಪೇರಿಗೆ ಬೋರ್ಡಿನ ಬೆಸುಗೆ ಸೇರಿಕೊಳ್ಳುತ್ತದೆ.

ಚಾರ್ಜ್ ಇದೆ, ಆದರೂ ಮೌನ ಎಂದಾದರೆ ಮುಂದಿನ ಹೆಜ್ಜೆ ಉದ್ದ ಒತ್ತು. ಹಳೆಯ ಫೋನು ಹ್ಯಾಂಗ್ ಆದರೆ ಬೆನ್ನಿನ ಮುಚ್ಚಳ ತೆಗೆದು ಬ್ಯಾಟರಿ ಕಿತ್ತು ಹಾಕುತ್ತಿದ್ದ ಕಾಲವೊಂದಿತ್ತು. ಬ್ಯಾಟರಿಯನ್ನು ಒಳಗೆ ಅಂಟಿಸಿ ಮುಚ್ಚಿದ ಮೇಲೆ ಆ ದಾರಿ ಹೋಯಿತು. ಅದರ ಬದಲಿಗೆ ಬಂದದ್ದು ಇದು. ಬಟನ್‌ಗಳನ್ನು ನಿಗದಿತ ಸೆಕೆಂಡು ಅದುಮಿ ಹಿಡಿದರೆ ತಂತ್ರಾಂಶದ ಅಪ್ಪಣೆ ಕೇಳದೆ ಪವರ್ ಐಸಿಯೇ ಎಲ್ಲಕ್ಕೂ ಕರೆಂಟು ಕಡಿದು ಮತ್ತೆ ಕೊಡುತ್ತದೆ. ಒಳಗಿನ ಫೋಟೊ, ಫೈಲು ಹೋಗುವುದಿಲ್ಲ. ಹೋಮ್ ಬಟನ್ ಇರುವ ಐಪ್ಯಾಡ್‌ನಲ್ಲಿ ಹೋಮ್ ಮತ್ತು ಮೇಲಿನ ಬಟನ್ ಎರಡನ್ನೂ ಸೇಬು ಕಾಣುವವರೆಗೆ ಹಿಡಿಯಬೇಕು. ಹೋಮ್ ಬಟನ್ ಇಲ್ಲದ್ದರಲ್ಲಿ ಮೇಲಿನ ಬಟನ್‌ಗೆ ಹತ್ತಿರವಿರುವ ವಾಲ್ಯೂಮ್ ಬಟನ್ ಒತ್ತಿ ಬಿಟ್ಟು, ದೂರದ್ದನ್ನು ಒತ್ತಿ ಬಿಟ್ಟು, ಆಮೇಲೆ ಮೇಲಿನದನ್ನು ಹಿಡಿದುಕೊಳ್ಳಬೇಕು. ಸ್ಯಾಮ್‌ಸಂಗ್ ಟ್ಯಾಬ್‌ಗಳಲ್ಲಿ ಪವರ್ ಮತ್ತು ವಾಲ್ಯೂಮ್ ಡೌನ್ ಒಟ್ಟಿಗೆ, ಏಳು ಸೆಕೆಂಡಿಗಿಂತ ಹೆಚ್ಚು. ಅಮೆಜಾನ್‌ನ ಫೈರ್ ಟ್ಯಾಬ್ ಎಲ್ಲರಿಗಿಂತ ಹಟಮಾರಿ, ಪವರ್ ಬಟನ್ ಒಂದನ್ನೇ ನಲವತ್ತು ಸೆಕೆಂಡು ಹಿಡಿಯಬೇಕು. ನಲವತ್ತು ಸೆಕೆಂಡು ಎಷ್ಟು ಉದ್ದ ಎಂಬುದು ಹಿಡಿದು ನಿಂತಾಗಲೇ ಗೊತ್ತಾಗುವುದು. ಹೆಚ್ಚಿನವರು ಹದಿನೈದಕ್ಕೇ ಕೈಬಿಟ್ಟಿರುತ್ತಾರೆ.

ತಂತ್ರಾಂಶವೊಂದೇ ಗಟ್ಟಿಮುಟ್ಟಾದ ಟ್ಯಾಬ್ ಅನ್ನು ಕಲ್ಲಾಗಿಸಬಲ್ಲದು ಎಂಬುದಕ್ಕೆ 2016ರ ಫೆಬ್ರುವರಿಯ ಪ್ರಸಂಗಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಿಕ್ಕಿಲ್ಲ. ಆಗಿನ 64 ಬಿಟ್ ಪ್ರೊಸೆಸರಿನ ಐಫೋನ್ ಮತ್ತು ಐಪ್ಯಾಡ್‌ಗಳಲ್ಲಿ ತಾರೀಕನ್ನು 1970ರ ಜನವರಿ 1ಕ್ಕೆ ಇಟ್ಟು ಆಫ್ ಮಾಡಿದರೆ ಮತ್ತೆ ಆನ್ ಆಗುತ್ತಿರಲಿಲ್ಲ. ಲೋಗೊ ಕಾಣಿಸಿ ಅಲ್ಲೇ ನಿಲ್ಲುತ್ತಿತ್ತು. ಅನೇಕ ಕಂಪ್ಯೂಟರುಗಳು ಕಾಲವನ್ನು ಸೆಕೆಂಡುಗಳಲ್ಲಿ ಎಣಿಸಲು ಶುರುಮಾಡುವುದು ಆ ದಿನದಿಂದ. ಸೊನ್ನೆಗಿಂತ ಹಿಂದಕ್ಕೆ ಸರಿದ ಎಣಿಕೆಯನ್ನು ತಂತ್ರಾಂಶ ಅರಗಿಸಿಕೊಳ್ಳಲಿಲ್ಲ ಎಂಬುದು ತಜ್ಞರ ಊಹೆ. ಆಪಲ್ ದೋಷವನ್ನು ಒಪ್ಪಿಕೊಂಡು ಐಒಎಸ್ 9.3ರಲ್ಲಿ ತಿದ್ದಿತು. ಅಷ್ಟಕ್ಕೆ ಮುಗಿಯಲಿಲ್ಲ. ಪ್ಯಾಟ್ರಿಕ್ ಕೆಲ್ಲಿ ಮತ್ತು ಮ್ಯಾಟ್ ಹ್ಯಾರಿಗನ್ ಎಂಬ ಭದ್ರತಾ ತಜ್ಞರು ಇದರ ಕಿಡಿಗೇಡಿ ಮುಖವನ್ನು ತೋರಿಸಿಕೊಟ್ಟರು. ವೈಫೈ ಮೂಲಕ ಐಪ್ಯಾಡ್ ಸಮಯ ಕೇಳುವಾಗ ನಕಲಿ ವೈಫೈ ಕೇಂದ್ರವೊಂದು 1970 ಎಂದು ಸುಳ್ಳು ಹೇಳಿದರೆ ಸಾಕಾಗಿತ್ತು, ಯಾರೂ ಮುಟ್ಟದೆಯೇ ಅದು ಕೆಟ್ಟು ಕೂರುತ್ತಿತ್ತು. ಇಂಥ ಐಪ್ಯಾಡ್‌ಗಳಲ್ಲಿ ಕೆಲವನ್ನು ಮತ್ತೆ ಎಬ್ಬಿಸಿದ್ದು ವಿಚಿತ್ರ ಮದ್ದು: ಬ್ಯಾಟರಿ ಪೂರ್ತಿ ಬರಿದಾಗಲು ಬಿಟ್ಟು ಅಥವಾ ಅದರ ಸಂಪರ್ಕ ತಪ್ಪಿಸಿ, ಗಡಿಯಾರದ ನೆನಪನ್ನೇ ಅಳಿಸುವುದು.

ಅದೇ ವರ್ಷದ ಮೇ ತಿಂಗಳಲ್ಲಿ ಐಒಎಸ್ 9.3.2 ಅಪ್‌ಡೇಟ್ ಹಾಕಿಕೊಂಡ ಕೆಲವು 9.7 ಇಂಚಿನ ಐಪ್ಯಾಡ್ ಪ್ರೊಗಳು 'ಎರರ್ 56' ಎಂದು ಮಲಗಿದವು. ಆಪಲ್ ಆ ಅಪ್‌ಡೇಟನ್ನು ಹಿಂತೆಗೆದುಕೊಂಡು ಜೂನ್‌ನಲ್ಲಿ ಸರಿಪಡಿಸಿ ಮತ್ತೆ ಬಿಟ್ಟಿತು. 2024ರ ಸೆಪ್ಟೆಂಬರಿನಲ್ಲಿ ಎಂ4 ಚಿಪ್ಪಿನ ಕೆಲವು ಐಪ್ಯಾಡ್ ಪ್ರೊಗಳಿಗೆ ಐಪ್ಯಾಡ್ ಒಎಸ್ 18 ಇದೇ ಪಾಡು ತಂದಿತು. ಲೋಗೊದಲ್ಲೇ ನಿಂತ ಟ್ಯಾಬ್‌ಗೆ ರಿಕವರಿ ಮೋಡ್ ಎಂಬ ಬಾಗಿಲಿದೆ. ಐಪ್ಯಾಡ್ ಅನ್ನು ಕಂಪ್ಯೂಟರಿಗೆ ಜೋಡಿಸಿ ಆ ಬಾಗಿಲಿಗೆ ಹೋದರೆ 'ಅಪ್‌ಡೇಟ್' ಮತ್ತು 'ರಿಸ್ಟೋರ್' ಎಂಬ ಎರಡು ಆಯ್ಕೆ ಬರುತ್ತವೆ. ಮೊದಲನೆಯದು ಫೈಲುಗಳನ್ನು ಹಾಗೇ ಇಟ್ಟು ತಂತ್ರಾಂಶವನ್ನು ಹೊಸದಾಗಿ ಕೂರಿಸುತ್ತದೆ, ಎರಡನೆಯದು ಎಲ್ಲ ಅಳಿಸುತ್ತದೆ. ಗಾಬರಿಯಲ್ಲಿದ್ದವರು ಒತ್ತುವುದು ಎರಡನೆಯದನ್ನೇ. ಆಂಡ್ರಾಯ್ಡ್‌ನ ರಿಕವರಿ ಪಟ್ಟಿಯಲ್ಲೂ ಫ್ಯಾಕ್ಟರಿ ರೀಸೆಟ್ ಸುಲಭವಾಗಿ ಕೈಗೆ ಸಿಗುತ್ತದೆ. ಅದನ್ನು ಒತ್ತಿದ ಮೇಲೆ ಹಳೆಯ ಗೂಗಲ್ ಖಾತೆ ಮತ್ತು ಪಾಸ್‌ವರ್ಡ್ ಕೊಡದೆ ಟ್ಯಾಬ್ ಒಳಗೆ ಬಿಡುವುದಿಲ್ಲ; ಕಳ್ಳರಿಗೆ ಇಟ್ಟ ಬೀಗ ಪಾಸ್‌ವರ್ಡ್ ಮರೆತ ಮಾಲೀಕನಿಗೂ ಬೀಳುತ್ತದೆ.

ಆನ್ ಆಗಿದ್ದೂ ಕಾಣದ ಟ್ಯಾಬ್‌ಗಳದ್ದು ಬೇರೆ ಜಾತಿ. ಪತ್ತೆಗೆ ಒಳ್ಳೆಯ ಉಪಾಯವೆಂದರೆ ಅದಕ್ಕೆ ಬೇರೆ ಫೋನಿನಿಂದ ಕೂಗು ಹಾಕುವುದು. ಕಳೆದುಹೋದ ಸಾಧನ ಹುಡುಕುವ ಸೌಲಭ್ಯ ಆಪಲ್‌ನಲ್ಲೂ ಇದೆ, ಗೂಗಲ್‌ನಲ್ಲೂ ಇದೆ. ಅದೇ ಖಾತೆಯಿಂದ 'ಶಬ್ದ ಮಾಡು' ಎಂದರೆ, ಮನೆಯ ವೈಫೈಗೆ ಸೇರಿಕೊಂಡಿರುವ ಟ್ಯಾಬ್ ಕತ್ತಲ ಪರದೆಯಲ್ಲೇ ಕಿರುಚುತ್ತದೆ. ಕಿರುಚಿದರೆ ಬೋರ್ಡು, ಬ್ಯಾಟರಿ, ತಂತ್ರಾಂಶ ಮೂರೂ ಸರಿ. ಕೆಟ್ಟಿರುವುದು ಡಿಸ್‌ಪ್ಲೇ ಅಥವಾ ಅದನ್ನು ಬೋರ್ಡಿಗೆ ಜೋಡಿಸುವ ಸ್ಟ್ರಿಪ್. ಎಲ್‌ಸಿಡಿ ಪರದೆಯಾದರೆ ಕತ್ತಲೆ ಕೋಣೆಯಲ್ಲಿ ಟಾರ್ಚನ್ನು ಓರೆಯಾಗಿ ಹಿಡಿದು ನೋಡಬೇಕು. ಮಸುಕಾಗಿ ಚಿತ್ರ ಕಂಡರೆ ಹಿಂಬದಿಯ ಬೆಳಕು ಮಾತ್ರ ಹೋಗಿದೆ. ಒಎಲ್‌ಇಡಿ ಪರದೆಯಲ್ಲಿ ಹಿಂಬದಿ ಬೆಳಕೇ ಇರುವುದಿಲ್ಲವಾದ್ದರಿಂದ ಅಲ್ಲಿ ಈ ಪರೀಕ್ಷೆ ನಡೆಯದು.

ಕವರ್ ಕಿತ್ತು ನೋಡಿದ್ದೀರಾ ಎಂದು ಯಾರೂ ಕೇಳುವುದಿಲ್ಲ, ಕೇಳಬೇಕು. 2011ರ ಐಪ್ಯಾಡ್ 2ರ ಜೊತೆ ಬಂದ ಸ್ಮಾರ್ಟ್ ಕವರ್ ಮುಚ್ಚಿದೊಡನೆ ಪರದೆ ಮಲಗುತ್ತಿತ್ತು. ಕವರಿನ ಅಂಚಿನ ಅಯಸ್ಕಾಂತವನ್ನು ಟ್ಯಾಬ್ ಒಳಗಿನ ಸಂವೇದಕ ಗುರುತಿಸುವುದರಿಂದ ನಡೆಯುವ ಕೆಲಸ ಅದು, ಈಗ ಬಹುತೇಕ ಟ್ಯಾಬ್‌ಗಳಲ್ಲಿದೆ. ಬೇರೆ ಮಾದರಿಯ ಕವರ್ ಹಾಕಿದರೆ, ಹಿಂದಕ್ಕೆ ಮಡಚಿದ ಕವರಿನ ಅಯಸ್ಕಾಂತ ಆ ಜಾಗಕ್ಕೇ ಬಂದರೆ, ಟ್ಯಾಬ್ 'ನಾನಿನ್ನೂ ಮುಚ್ಚಿದ್ದೇನೆ' ಎಂದು ನಂಬಿ ಪರದೆ ಬೆಳಗಿಸುವುದೇ ಇಲ್ಲ. ಬಿಗಿಯಾದ ರಬ್ಬರ್ ಕವರ್ ಪವರ್ ಬಟನ್ನನ್ನು ಸದಾ ಅದುಮಿಕೊಂಡಿದ್ದು ಟ್ಯಾಬ್ ಆನ್-ಆಫ್ ಆಗುತ್ತಲೇ ಇರುವುದೂ ಉಂಟು.

ಕಂಪನಿಯೇ ಬೇಕೆಂದು ಸಾಯಿಸಿದ ಟ್ಯಾಬ್‌ಗಳೂ ಇವೆ. 2015ರ ಜುಲೈ ಕೊನೆಯಲ್ಲಿ ಎನ್‌ವಿಡಿಯಾ ತನ್ನ ಶೀಲ್ಡ್ ಟ್ಯಾಬ್‌ಗಳನ್ನು ವಾಪಸ್ ಕರೆಯಿತು. ಬ್ಯಾಟರಿ ಕಾದು ಬೆಂಕಿ ಹತ್ತುವ ಅಪಾಯವಿತ್ತು. ಸೆಟ್ಟಿಂಗ್ಸ್‌ನಲ್ಲಿ ಬ್ಯಾಟರಿಯ ಗುರುತು ವೈ01 ಎಂದಿದ್ದರೆ ಬದಲಿ ಟ್ಯಾಬ್, ಬಿ01 ಎಂದಿದ್ದರೆ ಚಿಂತೆಯಿಲ್ಲ. ಬದಲಿ ಟ್ಯಾಬ್ ಚಾಲೂ ಮಾಡಿದ ಮೇಲೆ ಹಳೆಯದನ್ನು ಇಂಟರ್ನೆಟ್ ಮೂಲಕವೇ ನಿಷ್ಕ್ರಿಯ ಮಾಡಲಾಯಿತು. ಹೊಸದು ಬಂದರೂ ಹಳೆಯದನ್ನು ಮಗುವಿಗೆ ಆಡಲು ಇಟ್ಟುಕೊಳ್ಳೋಣ ಎಂದವರಿಗೆ ನಿರಾಸೆಯಾಗಿರಬೇಕು, ಆದರೆ ಕಂಪನಿ ಮಾಡಿದ್ದು ಸರಿ.

ನೀರು ಬಿದ್ದ ಟ್ಯಾಬ್ ಅನ್ನು ಅಕ್ಕಿ ಡಬ್ಬದಲ್ಲಿ ಹೂಳುವ ಪದ್ಧತಿಗೆ ಆಧಾರವಿಲ್ಲ. ಐಫೋನನ್ನು ಅಕ್ಕಿಯಲ್ಲಿಡಬೇಡಿ, ಅದರ ಸಣ್ಣ ಕಣಗಳು ಹಾನಿ ಮಾಡಬಹುದು ಎಂದು ಆಪಲ್ ಸ್ಪಷ್ಟವಾಗಿಯೇ ಹೇಳಿದೆ. ಆಫ್ ಮಾಡಿ, ಗಾಳಿಗೆ ಇಟ್ಟು, ಚಾರ್ಜಿಗೆ ಹಾಕದೆ ಇರುವುದು ಮುಖ್ಯ.

ಇಷ್ಟೆಲ್ಲ ಮುಗಿದ ಮೇಲೆ ಅಂಗಡಿ. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ನುರಿತ ರಿಪೇರಿಯವರ ಕೈ ನೋಡುವುದೇ ಒಂದು ಪಾಠ. ಅವರು ಮೊದಲು ಬ್ಯಾಟರಿ ಬಿಡಿಸಿ, ಅದರ ಜಾಗಕ್ಕೆ ಮೇಜಿನ ಮೇಲಿನ ಡಿಸಿ ಪವರ್ ಸಪ್ಲೈಯ ಕೆಂಪು ಕಪ್ಪು ವೈರುಗಳನ್ನು ಸಿಕ್ಕಿಸುತ್ತಾರೆ, ಕಣ್ಣು ಆಂಪ್ ಮೀಟರಿನ ಮೇಲೆ. ಪವರ್ ಬಟನ್ ಒತ್ತುವ ಮೊದಲೇ ಮುಳ್ಳು ಏರಿದರೆ, "ಮೇಡಂ, ಬೋರ್ಡ್ ಶಾರ್ಟ್ ಇದೆ." ಒತ್ತಿದರೂ ಅಲುಗದಿದ್ದರೆ ಪವರ್ ಕೀ ಅಥವಾ ಪವರ್ ಐಸಿ. ತುಸು ಏರಿ ಅಲ್ಲೇ ನಿಂತರೆ ತಂತ್ರಾಂಶ ಅಥವಾ ಮೆಮೊರಿಯ ತಕರಾರು. ಏರುತ್ತ ಇಳಿಯುತ್ತ ಕುಣಿದರೆ ಟ್ಯಾಬ್ ಆನ್ ಆಗುತ್ತಿದೆ, ಡಿಸ್‌ಪ್ಲೇ ನೋಡಬೇಕು. ಶಾರ್ಟ್ ಆದ ಭಾಗ ಹುಡುಕುವ ವಿಧಾನ ಇನ್ನೂ ಚೆಂದ. ಸೋಲ್ಡರಿಂಗ್ ಐರನ್‌ನ ತುದಿಗೆ ಬೆಸುಗೆಗೆ ಬಳಸುವ ರಾಳವಾದ ರೋಸಿನ್ ಮುಟ್ಟಿಸಿ ಎದ್ದ ಹೊಗೆಯನ್ನು ಬೋರ್ಡಿನ ಮೇಲೆ ಹಾಯಿಸುತ್ತಾರೆ. ಬೋರ್ಡಿಡೀ ಬಿಳಿ ಪುಡಿ ಬಳಿದಂತಾಗುತ್ತದೆ. ಆಮೇಲೆ ಸ್ವಲ್ಪವೇ ಕರೆಂಟು ಕೊಟ್ಟರೆ ಸಾಸಿವೆಗಿಂತ ಸಣ್ಣ ಕೆಪಾಸಿಟರ್ ಒಂದರ ಮೇಲಿನ ಬಿಳುಪು ಕರಗಿ ಪಾರದರ್ಶಕವಾಗುತ್ತದೆ. ಕೆಟ್ಟದ್ದು ಅದೇ. ಅದನ್ನು ಎತ್ತಿದರೆ ಎಷ್ಟೋ ಟ್ಯಾಬ್‌ಗಳು ಎದ್ದು ಕೂರುತ್ತವೆ. ಮೀಟರ್ ಹಚ್ಚದೆ, ಬಿಚ್ಚಿಯೂ ನೋಡದೆ 'ಬೋರ್ಡ್ ಹೋಗಿದೆ ಅಣ್ಣಾ, ಹೊಸದು ತಗೊಳ್ಳಿ' ಎನ್ನುವ ಅಂಗಡಿಯಿಂದ ಟ್ಯಾಬ್ ವಾಪಸ್ ಇಸ್ಕೊಂಡು ಬರುವುದು ವಾಸಿ.

ಅಂಗಡಿಗೆ ಕೊಡುವಾಗ ಫೋಟೊಗಳು ಬೇಕೋ ಟ್ಯಾಬ್ ಬೇಕೋ ಎಂಬುದನ್ನು ಮೊದಲೇ ಹೇಳಿಬಿಡಬೇಕು. ಬ್ಯಾಟರಿ, ಡಿಸ್‌ಪ್ಲೇ, ಚಾರ್ಜಿಂಗ್ ಜಾಕ್ ಬದಲಿಸಿದರೆ ಒಳಗಿನದು ಎಲ್ಲಿಗೂ ಹೋಗುವುದಿಲ್ಲ. ಬೋರ್ಡನ್ನೇ ಬದಲಿಸಿದರೆ ಎಲ್ಲವೂ ಹೋದಂತೆ, ಯಾಕೆಂದರೆ ಮೆಮೊರಿ ಚಿಪ್ ಅದೇ ಬೋರ್ಡಿಗೆ ಬೆಸೆದುಕೊಂಡಿದೆ. ಚಿಪ್ ಕಿತ್ತು ಬೇರೆ ಕಡೆ ಓದಿಸೋಣವೆಂದರೆ ಈಗಿನ ಟ್ಯಾಬ್‌ಗಳಲ್ಲಿ ಅದರೊಳಗಿನ ಬರಹವೆಲ್ಲ ಗೂಢಲಿಪಿಯಲ್ಲಿದ್ದು, ಕೀಲಿಕೈ ಹಳೆಯ ಪ್ರೊಸೆಸರಿನ ಹತ್ತಿರ ಉಳಿದಿರುತ್ತದೆ. ಎಸ್‌ಡಿ ಕಾರ್ಡ್ ಇದ್ದರೆ ಅದನ್ನು ಮನೆಯಲ್ಲೇ ತೆಗೆದಿಟ್ಟುಕೊಳ್ಳುವುದು ಒಳ್ಳೆಯದು.

ಇವೆಲ್ಲಕ್ಕೂ ಮೊದಲು ಮಾಡಬೇಕಾದ ತಪಾಸಣೆಯೊಂದಿದೆ, ಅದು ಕಣ್ಣಳತೆಯದು. ಟ್ಯಾಬ್ ಅನ್ನು ಸಪಾಟಾದ ಮೇಜಿನ ಮೇಲಿಟ್ಟರೆ ತೊಟ್ಟಿಲಿನಂತೆ ತೂಗುತ್ತಿದೆಯೇ? ಪರದೆಯ ಅಂಚು ಚೌಕಟ್ಟಿನಿಂದ ಎದ್ದು ಬಂದಿದೆಯೇ? ಹಾಗಿದ್ದರೆ ಬ್ಯಾಟರಿ ಒಳಗೆ ಅನಿಲ ತುಂಬಿ ಉಬ್ಬಿದೆ. ಅದಕ್ಕೆ ಒಂದು ನಿಮಿಷವೂ ಚಾರ್ಜ್ ಹಾಕಬಾರದು, ಅದುಮಿ ಕೂರಿಸಲು ಹೋಗಬಾರದು, ಚೂಪಾದ ಏನನ್ನೂ ತಾಗಿಸಬಾರದು.

ಮತ್ತೆ ಎದ್ದ ಟ್ಯಾಬ್ ಅನ್ನು ಪುನಃ ಬೀರುವಿಗೆ ಸೇರಿಸುವುದೇ ಆದರೆ ಅರ್ಧ ಚಾರ್ಜ್ ಮಾಡಿ, ಆಫ್ ಮಾಡಿ, 32 ಡಿಗ್ರಿಗಿಂತ ತಂಪಾದ ಜಾಗದಲ್ಲಿ ಇಡಬೇಕು, ಆರು ತಿಂಗಳಿಗೊಮ್ಮೆ ತೆಗೆದು ಮತ್ತೆ ಅರ್ಧಕ್ಕೆ ತುಂಬಬೇಕು ಎನ್ನುತ್ತದೆ ಆಪಲ್‌ನ ಸೂಚನೆ. ತುಂಬಿ ಇಟ್ಟರೆ ಬ್ಯಾಟರಿಯ ಸಾಮರ್ಥ್ಯ ಕುಂದುತ್ತದೆ, ಬರಿದು ಮಾಡಿ ಇಟ್ಟರೆ ಮತ್ತೆ ಏಳದಿರಬಹುದು. ಕಲಬುರಗಿ, ರಾಯಚೂರಿನ ಏಪ್ರಿಲ್‌ನಲ್ಲಿ 32 ಡಿಗ್ರಿಯ ಜಾಗವನ್ನು ಎಲ್ಲಿಂದ ತರುವುದು ಎಂಬ ಪ್ರಶ್ನೆಗೆ ಆ ಸೂಚನೆಯಲ್ಲಿ ಉತ್ತರವಿಲ್ಲ. ತಾರಸಿಗೆ ತಾಗಿದ ಅಟ್ಟ ಬಿಟ್ಟು ಕೆಳಗಿನ ಕಪಾಟಿನಲ್ಲಿಟ್ಟರೆ ಅಷ್ಟರಮಟ್ಟಿಗೆ ಮೇಲು. ಬ್ಯಾಟರಿ ಬದಲಿಸುವ ಕೆಲಸವಾದರೂ ಮುಂದೆ ಹಗುರಾಗಬಹುದು: ಯುರೋಪ್ ಒಕ್ಕೂಟದ ಹೊಸ ಕಾನೂನಿನ ಪ್ರಕಾರ 2027ರ ಫೆಬ್ರುವರಿ 18ರಿಂದ ಉಪಕರಣಗಳ ಬ್ಯಾಟರಿಯನ್ನು ಬಳಕೆದಾರರೇ ಬದಲಿಸುವಂತೆ ಇರಬೇಕು. ವಿನಾಯಿತಿಗಳು ಅದರಲ್ಲೂ ಇವೆ. ಆದರೂ ಒಂದು ಪ್ರದೇಶಕ್ಕಾಗಿ ಬದಲಾದ ವಿನ್ಯಾಸ ಉಳಿದ ಕಡೆಗೂ ಬರುವುದು ಟೈಪ್-ಸಿ ವಿಷಯದಲ್ಲಿ ಕಂಡದ್ದೇ.

ಕಿತ್ತು ಹಾಕಿದ ಹಳೆಯ ಬ್ಯಾಟರಿಯನ್ನು ಪೌರಕಾರ್ಮಿಕರ ಬುಟ್ಟಿಗೆ ಹಾಕುವಂತಿಲ್ಲ. ಕಸದ ಲಾರಿಯಲ್ಲಿ ಒತ್ತಿ ಬೆಂಕಿ ಹತ್ತಿದರೆ ಸುಡುವುದು ಅವರ ಕೈ. ಭಾರತದಲ್ಲಿ 2022ರಿಂದ ಜಾರಿಯಲ್ಲಿರುವ ಬ್ಯಾಟರಿ ತ್ಯಾಜ್ಯ ನಿಯಮಗಳು ಹಳೆಯ ಬ್ಯಾಟರಿ ಸಂಗ್ರಹಿಸಿ ಮರುಬಳಕೆಗೆ ಕಳಿಸುವ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. ತುದಿಯ ಲೋಹದ ಭಾಗಕ್ಕೆ ಸೆಲ್ಲೊಟೇಪ್ ಸುತ್ತಿ, ಹೊಸ ಬ್ಯಾಟರಿ ಹಾಕಿಸಿದ ಸರ್ವಿಸ್ ಸೆಂಟರಿಗೋ ಹತ್ತಿರದ ಇ-ತ್ಯಾಜ್ಯ ಸಂಗ್ರಹ ಕೇಂದ್ರಕ್ಕೋ ಕೊಡಬೇಕು.